ಕೆಂಡಲ್ ಅವರ ಮೇಜಿನೆದುರು

ಲಂಡನ್ನಿನ ಹೇಸ್‌ನಲ್ಲಿರುವ ಮಗಳ ಮನೆಗೆ ಹಿಂದಿರುಗುವ ಬಸ್ಸಿನ ಮೇಲಂತಸ್ತಿನಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ಬೆಳಿಗ್ಗೆ ಮಗಳು, ಅಳಿಯನ ಜೊತೆ ಮೊಮ್ಮಗಳ ಜನನ ನೋಂದಣಿಗೆ ಕೌನ್ಸಿಲ್ ಕಚೇರಿಗೆ ಹೋಗಿದ್ದೆ. ಅಲ್ಲಿನ ಅಧಿಕಾರಿ ನರೆಗೂದಲಿನ ಹೆಂಗಸು, ಹೆಸರು ಕೆಂಡಲ್. ಮಗುವಿನ ಸರ್‌ನೇಮ್ ಏನೆಂದು ಕೇಳಿದರು.

ನಮ್ಮ ಮನೆತನದಲ್ಲಿ ಸರ್‌ನೇಮ್ ಎಲ್ಲಿಂದ ಬರಬೇಕು? ಪಾಸ್‌ಪೋರ್ಟ್ ಅರ್ಜಿಯ ಖಾಲಿ ಜಾಗ ತುಂಬಲು ಅಳಿಯ ತನ್ನ ಇನಿಷಿಯಲ್ ಬಿಡಿಸಿ, ತಾತನ ಊರು ಬಾಣಾವರ ಎಂದು ಬರೆದಿದ್ದ. ಲಂಡನ್ನಿನ ಆಫೀಸಿನಲ್ಲಿ ಅವನೀಗ ಮಿಸ್ಟರ್ ಬಾಣಾವರ.

"ಏನೋ ತುಂಬಬೇಕಿತ್ತು ಅಂತ ತುಂಬಿದ್ದು ಕಣೋ. ಅದನ್ನ ಪಾಪು ತಲೆಗೂ ಕಟ್ಟೋದಾ?" ಎಂದಳು ಮಗಳು.

"ನಾನೇ ಆ ಊರು ನೋಡಿಲ್ಲ," ಎಂದ ಅಳಿಯ, ಅಧಿಕಾರಿಗೂ ಇಂಗ್ಲಿಷಿನಲ್ಲಿ ಎಲ್ಲವನ್ನೂ ವಿವರಿಸಿದ.

ಆಕೆ ನಕ್ಕರು. ಕೆಂಡಲ್ ಎಂಬುದೂ ಇಂಗ್ಲೆಂಡಿನ ಉತ್ತರದ ಒಂದು ಊರಂತೆ. ನೂರಾರು ವರ್ಷಗಳ ಹಿಂದೆ ಅಲ್ಲಿಂದ ಯಾರೋ ಒಬ್ಬ ದಕ್ಷಿಣಕ್ಕೆ ಬಂದನಂತೆ. ಬಂದ ಕಡೆಯ ಜನ ಅವನನ್ನು ಅವನ ಊರಿನಿಂದಲೇ ಕರೆದರಂತೆ.

"ಊರಲ್ಲೇ ಉಳಿದವರಿಗೆ ಆ ಹೆಸರು ಬೇಕಾಗಲಿಲ್ಲ. ಬಿಟ್ಟು ಹೊರಟವರಿಗೇ ಅದು ಅಂಟಿಕೊಂಡದ್ದು. ನಾನೂ ಕೆಂಡಲ್ ನೋಡಿಲ್ಲ," ಎಂದರು.

ಹೌದಲ್ಲ, ಬಾಣಾವರದಲ್ಲಿ ಯಾರು ಯಾರನ್ನು ಬಾಣಾವರ ಎಂದು ಕೂಗುತ್ತಾರೆ?

ಮಗಳು ಮಗುವಿನ ಮುಖವನ್ನೇ ನೋಡುತ್ತಿದ್ದಳು. "ಸರಿ, ಅದನ್ನೇ ಹಾಕ್ಸು," ಎಂದಳು.

ಕೆಂಡಲ್ ಒಂದೊಂದೇ ಅಕ್ಷರ ಕೇಳಿ ಬರೆದುಕೊಂಡು, ಕೊನೆಗೆ ಪೂರ್ತಿ ಹೆಸರನ್ನು ಗಟ್ಟಿಯಾಗಿ ಓದಿದರು. ಅವರ ಬಾಯಲ್ಲಿ ಬಾಣಾವರ ಅವರದೇ ನಾಡಿನ ಹಳೆಯದೊಂದು ಊರಿನಂತೆ ಕೇಳಿಸಿತು.