ಇಪ್ಪತ್ತೇಳನೇ ಸಾಲಿನ ಕಿಟಕಿ ಸೀಟು

ಕಾವ್‌ಶ್ಯುಂಗ್ ಬಂದರಿನ ಮೀನು ಹರಾಜು ಕಟ್ಟೆಯ ಹಿಂದೆ ಯೂಚಿನ್ ಮೀನುಂಡೆ ಸಾರು ಮಾರುತ್ತಿದ್ದಳು. ಮೂವತ್ತೊಂದು ವರ್ಷ ಅದೇ ಜಾಗ, ಅದೇ ಎರಡು ಒಲೆ. ಗಿರಾಕಿಗಳು ಸೊಪ್ಪು ಹೆಚ್ಚು ಕೇಳಿದರೆ ಹಾಕುತ್ತಿದ್ದಳು. ಬಿಳಿ ಮೆಣಸಿನ ಪುಡಿಯನ್ನು ಕೈತುಂಬ ಉದುರಿಸಿಕೊಂಡರೂ ಸುಮ್ಮನಿರುತ್ತಿದ್ದಳು. ಆದರೆ ಒಂದು ದರ ಹೇಳಿ ಆಮೇಲೆ ಇನ್ನೊಂದಿಷ್ಟು ಸೇರಿಸುವವರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಐಸ್ ಮಾರುವವನು ಸಾಗಾಟಕ್ಕೆಂದು ಐದು ಯುವಾನ್ ಮೇಲೆ ಕೇಳಿದ ದಿನದಿಂದ ಅವಳು ತಾನೇ ಕೈಗಾಡಿ ತಳ್ಳಿಕೊಂಡು ಹೋಗಿ ಐಸ್ ತರತೊಡಗಿದಳು. ದಾರಿಯುದ್ದಕ್ಕೂ ಅವನನ್ನು ಬೈಯುತ್ತ ಬರುತ್ತಿದ್ದಳು. ಅವನೂ ಕಿಟಕಿಯಿಂದ ನಗುತ್ತ, "ಬೈಗುಳಕ್ಕೆ ದುಡ್ಡಿಲ್ವಾ ಅಕ್ಕ?" ಎನ್ನುತ್ತಿದ್ದ.

ನಾನು ಕಡಲ ದೇವಿ ಮಾಜು ತಾಯಿಯ ಗುಡಿಯಲ್ಲಿ ಬೆಳಗಿನ ದೀಪಗಳಿಗೆ ಎಣ್ಣೆ ಹಾಕಿ, ಹಿಂತಿರುಗುವಾಗ ಅವಳ ಬೆಂಚಿನ ತುದಿಯಲ್ಲಿ ಕೂರುತ್ತಿದ್ದೆ. ಮೀನು ಮಾಂಸ ಬಿಟ್ಟವಳಾದ್ದರಿಂದ ಸಾರು ಕುಡಿಯುತ್ತಿರಲಿಲ್ಲ. ಅವಳು ಮಾತಾಡುತ್ತಿದ್ದಳು, ನಾನು ಕೇಳುತ್ತಿದ್ದೆ.

ಅವಳ ಗಂಡ ಕುನ್‌ಶಾನ್ ದೂರದ ಸಮುದ್ರಕ್ಕೆ ಹೋಗುವ ಟ್ಯೂನಾ ಹಡಗಿನ ಎಂಜಿನ್ ಕೋಣೆಯಲ್ಲಿದ್ದ. ಎರಡು ವರ್ಷಕ್ಕೊಮ್ಮೆ ಮನೆಗೆ ಬಂದು ಮೂರು ವಾರ ಇದ್ದು ಹೋಗುತ್ತಿದ್ದ. ಡೀಸೆಲ್ ವಾಸನೆ ಸ್ನಾನಕ್ಕೂ ಹೋಗುತ್ತಿರಲಿಲ್ಲವಂತೆ. ಅವನನ್ನು ಅವಳು ಎದುರಿಗೂ ಹಿಂದೆಯೂ 'ಮುದಿ ಕೋತಿ' ಎಂದೇ ಕರೆಯುತ್ತಿದ್ದಳು. ಮಾರ್ಚ್ ತಿಂಗಳಲ್ಲಿ ಹಡಗು ಜಪಾನಿನ ಓಕಿನಾವಾದ ನಾಹಾ ಬಂದರಿನಲ್ಲಿ ನಿಂತಾಗ ಅವನಿಗೆ ಎದೆನೋವು ಬಂತು. ಯೂಚಿನ್ ಅಲ್ಲಿಗೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬೂದಿಯನ್ನು ಹಡಗಿನ ಜೊತೆಗಾರರು ತಮ್ಮ ಜೊತೆ ತರುತ್ತೇವೆಂದರು. ಆದರೆ ಹೋದವನ ಜೀವವನ್ನು ಕರೆತರುವ ಕೆಲಸ ನಮ್ಮಲ್ಲಿ ಮನೆಯವರದ್ದೇ; ಅದನ್ನು ಬೇರೆಯವರ ಕೈಗೆ ಕೊಡುವಂತಿಲ್ಲ.

ಗುಡಿಯ ಪುರೋಹಿತ ಲೂ ಅವಳಿಗೆ ಫೋನಿನಲ್ಲಿ ಹೇಳಿಕೊಟ್ಟ. ಹೆಸರು ಬರೆದ ಕಾಗದದ ಫಲಕವನ್ನು ಕರಿ ಕೊಡೆಯ ನೆರಳಿನಲ್ಲಿ ಹಿಡಿದುಕೊಂಡು ಬರಬೇಕು. ಅವನಿಗೂ ಒಂದು ಸೀಟು ತೆಗೆಯಬೇಕು.

"ಎಲ್ಲಾನೂ ಬಾಯಿಬಿಟ್ಟು ಹೇಳ್ಬೇಕು, ತಿಳೀತಾ? ಸತ್ತೋರಿಗೆ ಕಣ್ಣಿಲ್ಲ, ಕಿವಿ ಮಾತ್ರ. ಬಾಗಿಲು ದಾಟು ಅನ್ನು, ಸೇತುವೆ ಬಂತು ಅನ್ನು, ವಿಮಾನ ಹತ್ತು ಅನ್ನು. ನೀನು ಹೇಳಿದ ಹಾಗೇ ಅವನು ಮಾಡೋದು."

"ಬದುಕಿದ್ದಾಗ ಒಂದಿನಾನೂ ಮಾಡ್ಲಿಲ್ವಲ್ಲಪ್ಪ!"

"ನಿಂಗೇನು ಬಾಯಿ ಕಮ್ಮಿನಾ? ಇಷ್ಟು ವರ್ಷ ಬೈದಿದ್ದೀಯ, ಒಂದಿನ ದಾರಿ ಹೇಳು."

ನಾಹಾದ ವಸತಿಗೃಹದಲ್ಲಿ ಅವಳು ಫಲಕವನ್ನು ದಿಂಬಿಗೆ ಒರಗಿಸಿಟ್ಟು ಫೋನಿನಲ್ಲಿ ಟಿಕೆಟ್ ತೆಗೆಯಲು ಕೂತಳು. ಎಲ್ಲಕ್ಕಿಂತ ಅಗ್ಗದ ವಿಮಾನ ಹುಡುಕಿದಳು. ದರ ನೋಡಿ ತನಗೇ ನಂಬಿಕೆ ಬರಲಿಲ್ಲವೆಂದು ಆಮೇಲೆ ನನಗೆ ಹೇಳಿದಳು. ಎರಡು ಹೆಸರು ತುಂಬಿಸಿ ಮುಂದೆ ಒತ್ತಿದಾಗ ಪ್ರಶ್ನೆಗಳು ಶುರುವಾದವು. ಪ್ರತಿ ಪ್ರಶ್ನೆಗೂ ಒಂದೊಂದು ದುಡ್ಡು. ಪುರೋಹಿತ ಹೇಳಿದಂತೆ ಅವಳು ಒಂದೊಂದನ್ನೂ ಗಟ್ಟಿಯಾಗಿ ಓದಿ, ಗಟ್ಟಿಯಾಗಿಯೇ ಉತ್ತರ ಹೇಳಿ ಒತ್ತಿದಳು.

"ಸೂಟ್‌ಕೇಸ್ ಇದ್ಯಾ ಅಂತೆ. ಬೇಡ. ಊಟ ಬೇಕಾ ಅಂತೆ. ಬೇಡ, ನೀನೇನು ಉಣ್ತೀಯಾ. ಮೊದಲು ಹತ್ತಬೇಕಾ? ಬೇಡ. ವಿಮೆ ಅಂತೆ, ಥೂ, ಈಗ್ಯಾಕೆ, ಬೇಡ. ಜೊತೆಗಾರರ ಪಕ್ಕ ಕೂರ್ಬೇಕಾ ಅಂತೆ, ನೋಡೋ ಮುದಿ ಕೋತಿ, ಪಕ್ಕ ಕೂರೋಕೆ ಇಬ್ಬರಿಂದ ಒಂಬೈನೂರು ಯುವಾನ್! ಬೇಡ. ಪಕ್ಕ ಬೇಡ. ಖಂಡಿತ ಬೇಡ್ವಾ ಅಂತ ಮತ್ತೆ ಕೇಳ್ತಿದ್ದಾನೆ. ಬೇಡ ಅಂದ್ರೆ ಬೇಡ!"

ವಿಮಾನದ ಬಾಗಿಲಲ್ಲಿ ಚೀಟಿ ನೋಡುತ್ತಿದ್ದ ಜಪಾನಿ ಹೆಂಗಸು ಕೊಡೆ, ಫಲಕ, ಎರಡು ಪಾಸ್‌ಪೋರ್ಟು ನೋಡಿ ಒಂದು ಗಳಿಗೆ ತಡೆದಳಂತೆ. ಆಮೇಲೆ ಏನೂ ಕೇಳದೆ ತಲೆಬಾಗಿ ಎರಡೂ ಚೀಟಿಗಳನ್ನು ಯಂತ್ರಕ್ಕೆ ತೋರಿಸಿದಳು. ಯಂತ್ರ ಎರಡು ಸಲ ಕೂಗಿತು. ಯೂಚಿನ್‌ಗೆ ನಾಲ್ಕನೇ ಸಾಲು. ಕುನ್‌ಶಾನ್‌ಗೆ ಇಪ್ಪತ್ತೇಳನೇ ಸಾಲಿನ ಕಿಟಕಿ. ಫಲಕ ಹೇಗೂ ತನ್ನ ತೊಡೆಯ ಮೇಲಿದೆಯಲ್ಲ ಎಂದು ಅವಳು ಅದನ್ನು ಯೋಚಿಸಲೂ ಇಲ್ಲ. ಇಳಿಯುವಾಗ ಮುಂದಿನ ಬಾಗಿಲಲ್ಲಿ ನಿಂತು, "ಇಳಿ, ಊರು ಬಂತು" ಎಂದು ಹೇಳಿದಳು.

ಅಂದು ಸಂಜೆ ಅವಳ ಮನೆಯಲ್ಲಿ ನಾವೆಲ್ಲ ಸೇರಿದ್ದೆವು. ಪುರೋಹಿತ ಲೂ ಅರ್ಧಚಂದ್ರದ ಎರಡು ಮರದ ತುಂಡುಗಳನ್ನು ಅವಳ ಕೈಗೆ ಕೊಟ್ಟ. ಒಂದು ಅಂಗಾತ ಒಂದು ಬೋರಲು ಬಿದ್ದರೆ ಹೌದು. ಎರಡೂ ಬೋರಲಾದರೆ ಇಲ್ಲ. ಎರಡೂ ಅಂಗಾತವಾದರೆ ಕೇಳಿಸಿಕೊಂಡವರು ನಗುತ್ತಿದ್ದಾರೆ ಎಂದು.

"ಬಂದ್ಯಾ?" ಎಂದು ಕೇಳಿ ಎಸೆದಳು. ಎರಡೂ ಬೋರಲು. ಮತ್ತೆ ಎಸೆದಳು. ಬೋರಲು. ಏಳು ಸಲ ಎಸೆದಳು, ಏಳು ಸಲವೂ ಬೋರಲು. ಬೇರೆ ಥರ ಕೇಳು ಎಂದ ಪುರೋಹಿತ.

"ನಾಹಾದಲ್ಲೇ ಇದ್ದೀಯಾ?" ಇಲ್ಲ. "ದಾರೀಲಿ ಇದ್ದೀಯಾ?" ಇಲ್ಲ.

ಯೂಚಿನ್ ಮೆಲ್ಲಗೆ, ಪಕ್ಕದಲ್ಲಿದ್ದ ನನಗಷ್ಟೇ ಕೇಳಿಸುವ ಹಾಗೆ ಕೇಳಿದಳು. "ವಿಮಾನದಲ್ಲೇ ಇದ್ದೀಯಾ?"

ಒಂದು ಅಂಗಾತ, ಒಂದು ಬೋರಲು. ಮೂರು ಸಲ ಎಸೆದರೂ ಅದೇ.

ದಾರಿಯಲ್ಲಿ ಏನೇನು ಹೇಳಿದೆ ಎಂದು ಪುರೋಹಿತ ಕೇಳಿದ. ಅವಳು ಒಂದೊಂದಾಗಿ ಹೇಳುತ್ತ ಫೋನಿನ ಪ್ರಶ್ನೆಗಳಿಗೆ ಬಂದಳು. 'ಪಕ್ಕ ಬೇಡ' ಎನ್ನುವಲ್ಲಿ ತಾನೇ ನಿಂತಳು. "ನೀನು ಹೇಳಿದ ಹಾಗೇ ಮಾಡಿದ್ದಾನೆ," ಎಂದ ಪುರೋಹಿತ.

ನೂರನೇ ದಿನಕ್ಕೆ ಕಾಗದದ ಫಲಕ ಸುಟ್ಟು, ಹೆಸರನ್ನು ಮನೆಯ ಹಿರಿಯರ ಪೀಠಕ್ಕೆ ಸೇರಿಸಬೇಕು. ಅಷ್ಟರೊಳಗೆ ಬಾರದಿದ್ದರೆ ಅವನು ಹೆಸರಿಲ್ಲದ, ಅನ್ನವಿಲ್ಲದ ಅಲೆಮಾರಿಗಳ ಗುಂಪಿಗೆ ಸೇರಿದಂತೆ. ಆಗ ತೊಂಬತ್ತು ದಿನ ಉಳಿದಿತ್ತು.

ಅಂದಿನಿಂದ ಯೂಚಿನ್ ಸಾರು ಬಡಿಸುತ್ತಲೇ ಫೋನು ನೋಡತೊಡಗಿದಳು. ಒಂದು ದಿನ ನನ್ನನ್ನು ಹತ್ತಿರ ಕರೆದಳು.

"ಅಕ್ಕ, ಇಲ್ನೋಡು. ನಾಹಾ ವಿಮಾನದ ಸೀಟುಗಳು. ಖಾಲಿ ಇರೋದು ನೀಲಿ, ಯಾರಾದ್ರೂ ತಗೊಂಡಿದ್ರೆ ಬೂದಿ ಬಣ್ಣ."

ಇಪ್ಪತ್ತೇಳನೇ ಸಾಲಿನ ಕಿಟಕಿ ಬೂದಿ ಬಣ್ಣದಲ್ಲಿತ್ತು. ಅವಳು ಮರುದಿನದ್ದು ತೋರಿಸಿದಳು. ಮುಂದಿನ ವಾರದ್ದು. ಮುಂದಿನ ತಿಂಗಳದ್ದು, ಇನ್ನೂ ಒಬ್ಬರೂ ಟಿಕೆಟ್ ತೆಗೆಯದ ದಿನದ್ದು. ಇಡೀ ವಿಮಾನ ನೀಲಿ. ಅದೊಂದು ಮಾತ್ರ ಬೂದಿ.

ಅವಳು ವಿಮಾನದ ಕಂಪನಿಗೆ ಫೋನ್ ಮಾಡಿದಳು. ಆ ಕಡೆಯ ಹುಡುಗಿ ತುಂಬಾ ಹೊತ್ತು ಹುಡುಕಿದಳು.

"ಆ ಸೀಟಲ್ಲಿ ಪ್ರಯಾಣಿಕರಿದ್ದಾರೆ ಅಮ್ಮ."

"ಯಾವತ್ತಿನ ವಿಮಾನದಲ್ಲಿ?"

"ಅದು... ಎಲ್ಲದರಲ್ಲೂ ಹಾಗೇ ತೋರಿಸ್ತಿದೆ. ಪಕ್ಕದ ಸೀಟು ಕೊಡ್ಲಾ? ಅದಕ್ಕೆ ಬೇರೆ ಶುಲ್ಕ ಆಗುತ್ತೆ."

"ಕೊಡು ತಾಯಿ," ಎಂದಳು ಯೂಚಿನ್. ಅವಳ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು.

ಎಂಬತ್ತೆಂಟನೇ ದಿನ, ಮೇ ತಿಂಗಳ ಬಿಸಿಲಿನಲ್ಲಿ, ನಾನೂ ಅವಳ ಜೊತೆ ಹೊರಟೆ. ಮಧ್ಯಾಹ್ನ ಹೋಗಿ ಅದೇ ವಿಮಾನದಲ್ಲಿ ವಾಪಸ್ಸು. ಅವಳ ಬಟ್ಟೆಯ ಚೀಲದಲ್ಲಿ ಫಲಕ, ಒಂದು ಕಟ್ಟು ಊದುಕಡ್ಡಿ, ಒಂದು ತುಂಡು ಕೆಂಪು ಬಟ್ಟೆ. ಕೊಡೆ ನನ್ನ ಕೈಯಲ್ಲಿತ್ತು. ವಿಮಾನ ಹತ್ತುವ ಬಾಗಿಲಲ್ಲಿ ಚೀಲ ತೂಗಿದರು. ಒಂದು ಕಿಲೋ ಇನ್ನೂರು ಗ್ರಾಂ. ಏಳು ಕಿಲೋವರೆಗೆ ದುಡ್ಡಿಲ್ಲ, ಹೋಗಿ ಎಂದರು.

ನನ್ನದು ನಡುದಾರಿಯ ಸೀಟು, ಯೂಚಿನ್ ನಡುವೆ, ಕಿಟಕಿಯಲ್ಲಿ ಯಾರೂ ಇಲ್ಲ. ಆ ಸೀಟಿನ ಪಟ್ಟಿ ಮಾತ್ರ ಬಿಗಿಯಾಗಿ ಹಾಕಿತ್ತು, ಒಳಗೆ ಯಾರೋ ಇದ್ದಾರೆ ಎನ್ನುವಷ್ಟು ಉಬ್ಬಿಕೊಂಡು. ನಾನು ಮನಸ್ಸಿನಲ್ಲಿ ತಾಯಿಯ ಹೆಸರು ಹೇಳಿಕೊಂಡೆ. ಗಗನಸಖಿ ಕೈಯಲ್ಲಿ ಎಣಿಸುವ ಯಂತ್ರ ಹಿಡಿದು ಬಂದಳು. ಹಿಂದೆ ಹೋಗಿ ಮತ್ತೆ ಎಣಿಸುತ್ತ ಬಂದಳು. ಇನ್ನೊಬ್ಬಳೂ ಬಂದು ಎಣಿಸಿದಳು.

"ಇವತ್ತೂ ಒಂದು ಜಾಸ್ತಿ," ಎಂದಳು ಮೊದಲನೆಯವಳು ಸಣ್ಣ ದನಿಯಲ್ಲಿ.

"ಬರ್ದುಬಿಡು. ದಿನಾ ಇದೇ ಆಯ್ತಲ್ಲ."

ವಿಮಾನ ಮೋಡದ ಮೇಲೆ ಬಂದಾಗ ಬಿಸಿಲು ಕಿಟಕಿಯಿಂದ ಒಳಗೆ ಬಿತ್ತು. ಯೂಚಿನ್‌ಳ ಕೈಯ ಮೇಲೆ ಬಿದ್ದ ಬಿಸಿಲು ಅವಳ ಭುಜಕ್ಕೆ ಬರುವಲ್ಲಿ ನಿಂತುಹೋಗಿತ್ತು. ನಡುವೆ ಯಾರೋ ಕೂತರೆ ನೆರಳು ಬೀಳುವ ಹಾಗೆ. ಆಮೇಲೆ ಡೀಸೆಲ್ ವಾಸನೆ ಬಂತು. ನನ್ನ ಮುಂದಿನ ಸಾಲಿನವರು ಮೂಗು ಮುಚ್ಚಿಕೊಂಡರು. ಯೂಚಿನ್ ಮಾತ್ರ ಮುಖವನ್ನು ಆ ಕಡೆಗೆ ತಿರುಗಿಸಿದಳು.

ಮರದ ತುಂಡುಗಳನ್ನು ತರಲು ಬಿಡುವುದಿಲ್ಲವೇನೋ ಎಂದು ಎರಡು ನಾಣ್ಯ ತಂದಿದ್ದಳು. ಮುಂದಿನ ಸೀಟಿನ ಬೆನ್ನಿಗಿದ್ದ ಮಡಚುವ ಹಲಗೆ ಬಿಚ್ಚಿ, ಅದರ ಮೇಲೆ ನಾಣ್ಯ ಎಸೆದಳು.

"ಇಲ್ಲೇ ಇದ್ದೀಯಾ?" ಹೌದು.

"ನನ್ನ ಮೇಲೆ ಕೋಪನಾ?" ಇಲ್ಲ.

"ಹೊಟ್ಟೆ ಹಸಿವಾ?" ಇಲ್ಲ.

"ಮತ್ಯಾಕೋ ಇಲ್ಲಿ ಕೂತಿದ್ದೀಯ? ಕಿಟಕಿ ನೋಡ್ಕೊಂಡಾ?" ಎರಡೂ ಅಂಗಾತ. ನಗುತ್ತಿದ್ದ.

"ನಗ್ಬೇಡ. ಅವತ್ತು ನಾನು ಪಕ್ಕ ಬೇಡ ಅಂದಿದ್ದು ಫೋನಿಗೆ ಕಣೋ, ನಿಂಗಲ್ಲ. ಒಂಬೈನೂರು ಯುವಾನ್ ಜಾಸ್ತಿ ಅನ್ನಿಸ್ತು. ಅಷ್ಟೇ." ನಾಣ್ಯಗಳನ್ನು ಮತ್ತೆ ಕೈಗೆ ತೆಗೆದುಕೊಂಡಳು. "ಈಗ ಹೇಳ್ತೀನಿ, ಸರಿಯಾಗಿ ಕೇಳಿಸ್ಕೋ. ಪಕ್ಕ ಬೇಕು. ನನ್ನ ಜೊತೆ ಮನೆಗೆ ಬರ್ತೀಯಾ?"

ನಾಣ್ಯ ಎಸೆಯುವುದಕ್ಕೂ ವಿಮಾನ ವಾಲುವುದಕ್ಕೂ ಸರಿಹೋಯಿತು. ಒಂದು ನಾಣ್ಯ ಹಲಗೆಯ ಮೇಲೆ ಅಂಗಾತ ನಿಂತಿತು. ಇನ್ನೊಂದು ಕೆಳಗೆ ಬಿದ್ದು ಸೀಟುಗಳ ಅಡಿಯಲ್ಲಿ ಉರುಳುತ್ತ ಮುಂದೆ ಹೋಯಿತು. ಅದರ ಸದ್ದು ತುಂಬಾ ಹೊತ್ತು ಕೇಳಿಸುತ್ತಿತ್ತು. ನಾಹಾದಲ್ಲಿ ಎಲ್ಲರೂ ಇಳಿದ ಮೇಲೆ ನಾವಿಬ್ಬರೂ ಮೊಣಕಾಲೂರಿ ಹುಡುಕಿದೆವು. ಸಿಗಲಿಲ್ಲ. ಎದ್ದು ನೋಡಿದರೆ ಕಿಟಕಿ ಸೀಟಿನ ಪಟ್ಟಿ ಬಿಚ್ಚಿ ಎರಡು ಕಡೆ ಬಿದ್ದಿತ್ತು.

"ಗಗನಸಖಿ ಬಿಚ್ಚಿರ್ಬೇಕು," ಎಂದೆ.

ಯೂಚಿನ್ ಕೊಡೆಗಾಗಿ ಕೈ ಚಾಚಿದಳು. "ಏಳು. ಮೆಟ್ಟಿಲಿದೆ, ಇಳಿ. ಬಿಸಿಲಿದೆ, ನೆರಳಿಗೆ ಬಾ. ಬಾಗಿಲು ಬಂತು, ದಾಟು." ಹೆಜ್ಜೆಹೆಜ್ಜೆಗೂ ಹೇಳುತ್ತ ನಡೆದಳು. ಬಂದನೋ ಇಲ್ಲವೋ ತಿಳಿಯುವ ದಾರಿ ಇರಲಿಲ್ಲ. ಉಳಿದ ಒಂದು ನಾಣ್ಯದಿಂದ ಏನನ್ನೂ ಕೇಳಲಾಗದು.

ಒಂದು ಗಂಟೆಯ ಬಳಿಕ ಅದೇ ವಿಮಾನಕ್ಕೆ ಮರಳಿ ಹತ್ತುವ ಸಾಲಿನಲ್ಲಿ ನಿಂತೆವು. ಬಾಗಿಲಲ್ಲಿ ಎಳೆಯ ಹುಡುಗಿಯೊಬ್ಬಳು ಎಲ್ಲರ ಚೀಲ ತೂಗುತ್ತಿದ್ದಳು. ಯೂಚಿನ್ ತನ್ನದನ್ನು ತೂಕದ ಮೇಲೆ ಇಟ್ಟಳು.

"ಎಂಟು ಕಿಲೋ ಆರುನೂರು," ಎಂದಳು ಹುಡುಗಿ. "ಶುಲ್ಕ ಕಟ್ಟಬೇಕಾಗುತ್ತೆ ಅಮ್ಮ."

ಹುಡುಗಿ ಚೀಲ ತೆರೆದು ನೋಡಿದಳು. ಫಲಕ, ಊದುಕಡ್ಡಿ, ಕೆಂಪು ಬಟ್ಟೆ. ಚೀಲ ಇಳಿಸಿ ಯಂತ್ರವನ್ನು ಸೊನ್ನೆಗೆ ತಂದು ಮತ್ತೆ ಇಟ್ಟಳು. ಎಂಟು ಕಿಲೋ ಆರುನೂರು.

"ಯಂತ್ರ ಕೆಟ್ಟಿರ್ಬೇಕು ಅಮ್ಮ, ನೀವು ಹಾಗೇ ಹೋಗಿ..."

"ಯಾಕೆ ಹಾಗೇ ಹೋಗ್ಲಿ?" ಯೂಚಿನ್ ಜೋರಾಗಿ ಕೇಳಿದಳು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. "ತೂಕ ಇದೆ, ತಗೋ ದುಡ್ಡು. ಎಷ್ಟು ಹೇಳು."

ಹುಡುಗಿ ಮೂರು ಸಾವಿರ ಯೆನ್ ಎಂದು ಒತ್ತಿದಳು. ಯೂಚಿನ್ ಹೊಸ ನೋಟುಗಳನ್ನು ಎರಡು ಕೈಯಿಂದ, ಗುಡಿಯಲ್ಲಿ ಕಾಣಿಕೆ ಕೊಡುವಂತೆ ಕೊಟ್ಟಳು. ರಸೀದಿ ಯಾರ ಹೆಸರಿಗೆ ಎಂದು ಹುಡುಗಿ ಕೇಳಿದಾಗ ಗಂಡನ ಹೆಸರು ಹೇಳಿದಳು.

ಆಮೇಲೆ ಚೀಲವನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು. ಹಿಡಿಪಟ್ಟಿ ಅವಳ ಅಂಗಿಯ ಮೇಲೆ ಆಳವಾಗಿ ಇಳಿಯಿತು. ನಾನು ಒಂದು ಕಡೆ ಹಿಡಿಯಲು ಹೋದೆ. ಬಟ್ಟೆ ತಣ್ಣಗೆ, ತೇವವಾಗಿತ್ತು.

"ಬಿಡಕ್ಕ," ಎಂದಳು. ಮುಖ ಕೆಂಪಾಗಿತ್ತು, ಉಸಿರು ಏರಿತ್ತು. "ಭಾರ ಇರ್ಲಿ." ಚೀಲದ ಕಡೆ ಬಾಗಿ ಹೇಳಿದಳು, "ಮೆಟ್ಟಿಲು ಬಂತು ಮುದಿ ಕೋತಿ. ಹತ್ತು."