ಸೊನ್ನೆಯ ಕುರ್ಚಿಯಲ್ಲಿ ದೇವರು

ಅಡುಗೆಮನೆಯ ಹಲಗೆಯ ಮೇಲೆ ಸಾಲಾಗಿ ಕೂತ ಡಬ್ಬಿಗಳನ್ನು ನೀವು ಎಂದಾದರೂ ಗೌರವದಿಂದ ನೋಡಿದ್ದೀರಾ? ನಾನು ನೋಡಿದ್ದೇನೆ, ನೋಡಿದ್ದಷ್ಟೇ ಅಲ್ಲ, ತೊಂಬತ್ತರ ದಶಕದ ಕೊನೆಯಲ್ಲಿ ಕೊಟ್ಟೂರಿನ ಎಣ್ಣೆ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದಾಗ ಹೆಂಡತಿಯ ಕಣ್ಣು ತಪ್ಪಿಸಿ ಅವನ್ನು ಚೀಲಕ್ಕೆ ತುಂಬಿಕೊಂಡು ತರಗತಿಗೂ ಒಯ್ದಿದ್ದೇನೆ. ಅಲ್ಲಿ ಇದ್ದದ್ದು ಎರಡು ಕಂಪ್ಯೂಟರು, ಹತ್ತು ಜನ ವಿದ್ಯಾರ್ಥಿಗಳು, ಮನಸ್ಸು ಬಂದಾಗ ಬರುವ ಕರೆಂಟು. ಧೂಳಾಗಬಾರದೆಂದು ಚಪ್ಪಲಿ ಹೊರಗೆ ಬಿಡಿಸಿದರೆ, ಅದನ್ನು ಭಕ್ತಿಯ ನಿಯಮವೆಂದೇ ತಿಳಿದ ಶಿಷ್ಯರು ಮೊದಲ ವಾರದಲ್ಲೇ ಎರಡೂ ಪರದೆಗಳ ನೆತ್ತಿಗೆ ವಿಭೂತಿ ಎಳೆದರು. ನಾನೂ ಒರೆಸಲು ಹೋಗಲಿಲ್ಲ.

ಡೇಟಾ ಟೈಪ್, ಅಂದರೆ ಯಾವ ಬಗೆಯ ಮಾಹಿತಿಗೆ ಯಾವ ಜಾಗ, ಎಂಬ ಪಾಠ ಆ ಡಬ್ಬಿಗಳಿಂದಲೇ ನಡೆಯಿತು. ಪೂರ್ಣಾಂಕಕ್ಕೊಂದು ಡಬ್ಬಿ, ದಶಮಾಂಶಕ್ಕೊಂದು, ಒಂದೇ ಒಂದು ಅಕ್ಷರಕ್ಕೆ ಏಲಕ್ಕಿಯ ಪುಟ್ಟ ಭರಣಿ. ಉಪ್ಪಿನಕಾಯಿ ಭರಣಿಗೆ ಹಾಲು ಹೊಯ್ದರೆ ಏನಾಗುತ್ತದೆಂದು ಕೇಳಿದೆ. ಹತ್ತೂ ಜನ ಒಟ್ಟಿಗೆ ‘ಒಡೀತೈತ್ರಿ’ ಎಂದರು. ಮೂರೂವರೆಯನ್ನು ಪೂರ್ಣಾಂಕದ ಡಬ್ಬಿಗೆ ಹಾಕಿದರೆ ಯಂತ್ರವು ಅರ್ಧವನ್ನು ಹೊರಗೆ ಚೆಲ್ಲಿ ಮೂರನ್ನಷ್ಟೇ ಇಟ್ಟುಕೊಳ್ಳುತ್ತದೆ ಎಂದಾಗ ಮಾತ್ರ, ಲಾರಿಗಳ ವೈರಿಂಗ್ ಮಾಡುವ ಖಾಜಾಸಾಬರು ಬಹಳ ನೊಂದುಕೊಂಡರು. ‘ಚೆಲ್ಲಿದ್ದು ಯಾರಿಗಾದ್ರೂ ಉಪಯೋಗ ಆಗತೈತೇನ್ರಿ ಸರ?’ ಎಂದು ಕೇಳಿದರು. ಆ ಪ್ರಶ್ನೆಗೆ ಉತ್ತರ ಯಾವ ಪಠ್ಯದಲ್ಲೂ ನನಗೆ ಸಿಕ್ಕಿಲ್ಲ.

ಹತ್ತು ಜನರಲ್ಲಿ ಗೌರಮ್ಮ ಒಬ್ಬರೇ ಬಸ್ಸಿನಲ್ಲಿ ಬರುತ್ತಿದ್ದವರು. ಹಗರಿಬೊಮ್ಮನಹಳ್ಳಿ ಕಡೆಯ ಒಂದು ಸಹಕಾರಿ ಸಂಘದಲ್ಲಿ ಹನ್ನೆರಡು ವರ್ಷದಿಂದ ತಾತ್ಕಾಲಿಕ ಗುಮಾಸ್ತೆ. ತಾತ್ಕಾಲಿಕವೆಂಬ ಪದಕ್ಕೆ ಹನ್ನೆರಡು ವರ್ಷ ಆಯುಷ್ಯವಿರುತ್ತದೆಂದು ನನಗೆ ತಿಳಿದದ್ದು ಅವರಿಂದಲೇ. ಈಗ ಸಂಘಕ್ಕೆ ಕಂಪ್ಯೂಟರು ಬಂದಿತ್ತು. ಪರೀಕ್ಷೆ ಪಾಸಾದರೆ ಕೆಲಸ ಕಾಯಂ, ಫೇಲಾದರೆ ಅಧ್ಯಕ್ಷರ ತಂಗಿಯ ಮಗ ಆ ಜಾಗಕ್ಕೆ ತಯಾರಾಗಿ ನಿಂತಿದ್ದ. ‘ಇದೊಂದು ದಾಟಿಸಿಬಿಡ್ರಿ ಸರ’ ಎಂದು ಮೊದಲ ದಿನವೇ ಹೇಳಿದ್ದರು.

ಹೀಗಿರುವಾಗ ಅರೇ ಎಂಬ ಪಾಠ ಬಂತು. ಅರೇ ಎಂದರೆ ಒಂದೇ ಹೆಸರಿನಡಿ ಸಾಲಾಗಿ ಕೂತ, ಒಂದೇ ಬಗೆಯ ಡಬ್ಬಿಗಳು. ಅವುಗಳ ಸ್ಥಾನ ಶುರುವಾಗುವುದು ಒಂದರಿಂದಲ್ಲ, ಸೊನ್ನೆಯಿಂದ. ಆ ದಿನ ಕರೆಂಟು ಇರಲಿಲ್ಲ. ಹತ್ತು ಕುರ್ಚಿಗಳನ್ನು ಸಾಲಾಗಿ ಇಟ್ಟು, ಸೊನ್ನೆಯಿಂದ ಒಂಬತ್ತರವರೆಗೆ ಚೀಟಿ ಅಂಟಿಸಿ, ಎಲ್ಲರೂ ಕೂತುಕೊಳ್ಳಿ ಎಂದೆ. ಒಂದರಿಂದ ಒಂಬತ್ತು ಕ್ಷಣದಲ್ಲಿ ತುಂಬಿದವು. ಸೊನ್ನೆಗೆ ಯಾರೂ ಬರಲೊಲ್ಲರು. ನಿಂತು ಉಳಿದಿದ್ದವರು ಗೌರಮ್ಮ.

‘ಹನ್ನೆರಡು ವರ್ಷ ಅಲ್ಲಿ ಸೊನ್ನಿ ಆಗೇನಿ. ಇಲ್ಲೂ ಅದ ಆಗಬೇಕೇನ್ರಿ?’

ಖಾಜಾಸಾಬರನ್ನು ಕೇಳಿದೆ. ‘ಬ್ಯಾಡ್ರಿ ಸರ, ಮನ್ಯಾಗ ಗೊತ್ತಾದ್ರ ನಗತಾರ’ ಎಂದು ತಾವು ಕೂತಿದ್ದ ನಾಲ್ಕರ ಕುರ್ಚಿಯನ್ನು ಎರಡೂ ಕೈಯಿಂದ ಹಿಡಿದುಕೊಂಡರು. ಕೊನೆಗೆ ಗೌರಮ್ಮನೇ ಉಪಾಯ ಕಂಡುಹಿಡಿದರು. ನಮ್ಮ ಕಡೆ ಪಂಕ್ತಿ ಕೂರುವ ಮೊದಲು ದೇವರಿಗೊಂದು ಎಡೆ ಇಡುತ್ತೇವಲ್ಲ, ಆ ಎಲೆಯ ಮುಂದೆ ಯಾರೂ ಕೂರುವುದಿಲ್ಲ, ಎಣಿಕೆ ಅದರ ನಂತರದ ಎಲೆಯಿಂದ. ‘ಹಂಗಾದ್ರ ಈ ಸೊನ್ನಿ ದೇವರ ಎಡಿ ಅಲ್ಲೇನ್ರಿ?’ ಎಂದು ಕೇಳಿ ಕೆಳಗಿನ ಅಂಗಡಿಯಿಂದ ತೆಂಗಿನಕಾಯಿ ತಂದು ಆ ಕುರ್ಚಿಯ ಮೇಲೆ ಕೂರಿಸಿಯೇಬಿಟ್ಟರು. ‘ನಮ್ಮಲ್ಲೂ ಬಿಸ್ಮಿಲ್ಲಾ ಅನ್ನದ ಏನೂ ಸುರು ಮಾಡಂಗಿಲ್ರಿ’ ಎಂದು ಖಾಜಾಸಾಬರು ಒಪ್ಪಿಗೆ ಕೊಟ್ಟರು. ಗೌರಮ್ಮನಿಗೆ ಕುರ್ಚಿ ಸಾಲದೆ, ಎಣ್ಣೆ ಡಬ್ಬಿಯೊಂದನ್ನು ಬೋರಲು ಹಾಕಿ ಹತ್ತನೆಯ ಸ್ಥಾನ ಸೃಷ್ಟಿಸಿದೆವು.

ಸೊನ್ನೆಯನ್ನು ಖಾಲಿ ಬಿಡುವುದು ತಪ್ಪೆಂದು ನನಗೆ ಗೊತ್ತಿತ್ತು. ಆದರೆ ಮಿತ್ರರೇ, ಹೊಸಬರಿಗೆ ಕಲಿಸಿದವರಿಗೆ ಮಾತ್ರ ಅರ್ಥವಾಗುವ ಒಂದು ದೌರ್ಬಲ್ಯವಿದೆ: ಎದುರಿನ ಹತ್ತು ಮುಖಗಳ ಮೇಲೆ ‘ತಿಳಿಯಿತು’ ಎಂಬ ಬೆಳಕು ಏಕಕಾಲಕ್ಕೆ ಮೂಡಿದಾಗ, ತಿಳಿದದ್ದು ಏನು ಎಂದು ವಿಚಾರಿಸುವ ಧೈರ್ಯ ಯಾವ ಮೇಷ್ಟ್ರಿಗೂ ಬರುವುದಿಲ್ಲ. ಹತ್ತು ಸಂಖ್ಯೆ ಬೇಕಾದಲ್ಲಿ ಅವರು ಹನ್ನೊಂದು ಸ್ಥಾನ ಕೇಳುತ್ತಿದ್ದರು, ಸೊನ್ನೆಯನ್ನು ಮುಟ್ಟದೆ ಒಂದರಿಂದ ತುಂಬುತ್ತಿದ್ದರು, ಉತ್ತರ ಸರಿಯಾಗಿಯೇ ಬರುತ್ತಿತ್ತು. ನಾಲ್ಕು ತಿಂಗಳು ತರಗತಿ ಸುಖವಾಗಿ ನಡೆಯಿತು. ತೆಂಗಿನಕಾಯಿ ಮಾತ್ರ ವಾರಕ್ಕೊಮ್ಮೆ ಬದಲಾಗುತ್ತಿತ್ತು.

ಪರೀಕ್ಷೆಗೆ ಹೊರಗಿನಿಂದ ಪರೀಕ್ಷಕರೊಬ್ಬರು ಬಂದರು. ಹತ್ತು ಸಂಖ್ಯೆಗಳಲ್ಲಿ ಅತಿ ದೊಡ್ಡದನ್ನು ಹುಡುಕುವ ಪ್ರೋಗ್ರಾಂ ಬರೆಯಬೇಕಿತ್ತು. ಮೊದಲ ಸರದಿ ಗೌರಮ್ಮನದು, ಉಳಿದವರು ಗೋಡೆಗೆ ಒರಗಿ ನಿಂತಿದ್ದರು. ಗೌರಮ್ಮನ ಉತ್ತರ ಸರಿಯಾಗಿ ಬಂತು. ಪರೀಕ್ಷಕರು ಕನ್ನಡಕ ಏರಿಸಿದರು.

‘ಹತ್ತು ಸಂಖ್ಯೆಗೆ ಹನ್ನೊಂದು ಸ್ಥಾನ ಯಾಕಮ್ಮ?’

‘ಮೊದಲನೇದು ದೇವರ ಎಡಿ ಸರ.’

ಪರೀಕ್ಷಕರು ನನ್ನತ್ತ ನೋಡಿದರು. ನಾನು ಕಿಟಕಿಯಾಚೆ ಕೂಡ್ಲಿಗಿ ಬಸ್ಸನ್ನು ನೋಡಿದೆ. ‘ಖಾಲಿ ಬಿಟ್ಟ ಜಾಗದಲ್ಲಿ ಕಸ ಇರುತ್ತದೆ, ಅರ್ಥವಿಲ್ಲದ ಯಾವುದೋ ಅಂಕಿ, ನೋಡಿ ಬೇಕಾದರೆ’ ಎಂದು ಅವರೇ ಒಂದು ಸಾಲು ಬರೆದು ಸೊನ್ನೆಯ ಸ್ಥಾನದಲ್ಲಿದ್ದುದನ್ನು ಪರದೆಗೆ ತಂದರು. ಹತ್ತೊಂಬತ್ತು ಸಾವಿರದ ಎಂಟುನೂರ ಹನ್ನೊಂದು ಎಂದು ಮೂಡಿತು.

‘ಇದನ್ನ ಯಾರು ಹಾಕಿದ್ರು ಸರ?’ ಎಂದರು ಖಾಜಾಸಾಬರು, ದನಿ ತಗ್ಗಿಸಿ.

‘ಯಾರೂ ಹಾಕಿಲ್ಲ. ಮೊದಲಿಂದಲೂ ಅಲ್ಲೇ ಇತ್ತು. ನಾವು ನೋಡಿರಲಿಲ್ಲ, ಅಷ್ಟೇ’ ಎಂದರು ಪರೀಕ್ಷಕರು.

ದೇವರನ್ನು ಇದಕ್ಕಿಂತ ಚೊಕ್ಕವಾಗಿ ವರ್ಣಿಸಿದ ಮಾತನ್ನು ನಾನು ಕೇಳಿರಲಿಲ್ಲ. ಗೋಡೆಗೆ ಒರಗಿದ್ದವರೆಲ್ಲ ನೆಟ್ಟಗೆ ನಿಂತು ಕೈ ಮುಗಿದರು. ಒಬ್ಬರು ಸಂಖ್ಯೆಯನ್ನು ಅಂಗೈಯಲ್ಲಿ ಬರೆದುಕೊಂಡರು. ಪರೀಕ್ಷಕರು ತಮಗೇ ಕೈ ಮುಗಿಯುತ್ತಿದ್ದಾರೆಂದು ಭ್ರಮಿಸಿ ಅರ್ಧ ಎದ್ದು ಪ್ರತಿನಮಸ್ಕಾರ ಮಾಡಿ, ತಪ್ಪು ತಿಳಿದು ಕೆಂಪಾಗಿ ಕೂತರು. ‘ಸೊನ್ನೆಯಿಂದ ಶುರು ಮಾಡಿ ಬರೆದರೆ ಪಾಸು, ಇಲ್ಲದಿದ್ದರೆ ಇಲ್ಲ. ಹತ್ತು ನಿಮಿಷ’ ಎಂದರು.

ಗೌರಮ್ಮ ಕೀಲಿಮಣೆಯಿಂದ ಕೈ ಹಿಂದಕ್ಕೆ ತೆಗೆದುಕೊಂಡರು. ನನ್ನ ಕಡೆ ತಿರುಗಿ, ‘ಸರ, ಎಡಿ ಎತ್ತಬೇಕೇನ್ರಿ?’ ಎಂದು ಕೇಳಿದರು. ನನಗೆ ನಾಚಿಕೆಯಾಯಿತು, ಅಂಥ ನಾಚಿಕೆ ಅದಕ್ಕೆ ಮೊದಲು ಆದದ್ದಿಲ್ಲ.

‘ಅಲ್ಲಿ ಎಡೆ ಇಲ್ಲಮ್ಮ. ಅದೂ ಎಲ್ಲದರ ಹಾಗೆ ಒಂದು ಜಾಗ. ನಾನು ಮೊದಲಿಂದಲೂ ತಪ್ಪು ಹೇಳಿಕೊಟ್ಟೆ’ ಎಂದೆ, ಎಲ್ಲರಿಗೂ ಕೇಳುವಂತೆ.

ಅವರು ಒಂದು ಗಳಿಗೆ ಕಣ್ಣು ಮುಚ್ಚಿದರು. ಆಮೇಲೆ ಹನ್ನೊಂದನ್ನು ಹತ್ತು ಮಾಡಿದರು, ಒಂದನ್ನು ಸೊನ್ನೆ ಮಾಡಿದರು, ಕೊನೆಯ ಸ್ಥಾನವನ್ನು ಒಂಬತ್ತಕ್ಕೆ ನಿಲ್ಲಿಸಿದರು. ಯಾರೂ ಹೇಳಿಕೊಡಲಿಲ್ಲ. ಆರೇ ನಿಮಿಷದಲ್ಲಿ ಉತ್ತರ ಬಂತು. ಅವರ ನಂತರ ಉಳಿದ ಒಂಬತ್ತು ಜನವೂ ಅದೇ ದಾರಿಯಲ್ಲಿ ದಾಟಿಕೊಂಡರು.

ಎರಡು ತಿಂಗಳ ನಂತರ ಗೌರಮ್ಮ ಒಂದು ಪೊಟ್ಟಣ ಮಂಡಕ್ಕಿ, ಬಿಸಿ ಮೆಣಸಿನಕಾಯಿ ಬಜ್ಜಿ ಹಿಡಿದುಕೊಂಡು ಬಂದರು. ಕಾಯಂ ಆದೇಶ ಕೈಗೆ ಬಂದಿತ್ತು. ಕಾಗದದಲ್ಲಿ ತಮ್ಮ ಹೆಸರಿರುವ ಸಾಲನ್ನು ನನಗೆ ಎರಡು ಸಲ ತೋರಿಸಿದರು. ನಾನು ತಿನ್ನುತ್ತಿದ್ದಾಗ ಕೇಳಿದರು:

‘ತಪ್ಪು ಅಂತ ಗೊತ್ತಿದ್ರೂ ನಾಕು ತಿಂಗಳು ಯಾಕ ಸುಮ್ಮನಿದ್ರಿ ಸರ?’

‘ಕೆಲಸ ನಡೀತಿತ್ತಲ್ಲಮ್ಮ’ ಎಂದೆ.

ಅವರ ಮುಖದಲ್ಲಿ ಸಿಟ್ಟೇನೂ ಇರಲಿಲ್ಲ. ಇನ್ನೊಂದು ಮೆಣಸಿನಕಾಯಿಯನ್ನು ನನ್ನ ಮುಂದಿದ್ದ ಮಂಡಕ್ಕಿಯ ಕಾಗದಕ್ಕೆ ಹಾಕುತ್ತ ಹೇಳಿದರು:

‘ನಮ್ಮ ಸಂಘದಾರೂ ಹಂಗ ಅಂದ್ಕೊಂಡ ಹನ್ನೆರಡು ವರ್ಷ ಸುಮ್ಮನಿದ್ರು ನೋಡ್ರಿ.’