ಕೊಲೆ ಸೀನಿನ ಹಿಂದೊಂದು ‘ಬರ್ತೇನ್ರಿ’

ನಮ್ಮ ಪಕ್ಕದ ಮನೆಯ ಗಿರಿಜಕ್ಕನನ್ನು ಯಾವನೋ ಯೂಟ್ಯೂಬಿನವನು ದೆವ್ವ ಮಾಡಿಬಿಟ್ಟಿದ್ದಾನೆ.

ಹೋದ ಭಾನುವಾರದ ಮಾತು. ನಾನು ರೊಟ್ಟಿ ಬಡಿಯುತ್ತಿದ್ದೆ. ಮಗಳು ಮೊಬೈಲ್ ಹಿಡಿದು ಬಂದಳು. ‘ಮಮ್ಮಿ, ಇದರಾಗ ಗಿರಿಜಾ ಆಂಟಿ ಅದಾರ, ಜಲ್ದಿ ನೋಡು.’ ಒಂದು ಕ್ರೈಮ್ ಸಿನಿಮಾದಲ್ಲಿ ನೀವು ಗಮನಿಸದ ಹತ್ತು ಗುಟ್ಟುಗಳು ಅಂತ ಹಿಂದಿ ವಿಡಿಯೊ. (ಸಿನಿಮಾದ ಹೆಸರು ಹೇಳುವುದಿಲ್ಲ. ಪುಕ್ಕಟೆ ಪ್ರಚಾರ ನನ್ನ ಕೆಲಸವಲ್ಲ.)

ಆ ಸಿನಿಮಾದ ಕೊಲೆ ನಡೆದದ್ದು ನಮ್ಮ ಕ್ವಾರ್ಟರ್ಸಿನಲ್ಲೇ. ಮೂರು ವರ್ಷದ ಹಿಂದೆ ಮರಾಠಿ ಸೀಮೆಯ ಕಳಮೇಶ್ವರದಲ್ಲಿರುವ ನಮ್ಮ ಕಾರ್ಖಾನೆ ಕಾಲೊನಿಗೆ ಬಂದು, ನಮ್ಮ ಬ್ಲಾಕಿನ ಮೆಟ್ಟಿಲ ಕೆಳಗೆ ಒಬ್ಬನನ್ನು ಎರಡು ದಿನ ಕೊಂದರು. ಗುಟ್ಟು ಬೇಕಿದ್ದರೆ ನನ್ನನ್ನು ಕೇಳಬೇಕಿತ್ತು. ರಕ್ತ ಅಂದರೆ ಕೆಂಪು ಬಣ್ಣ ಬೆರೆಸಿದ ಸಕ್ಕರೆ ಪಾಕ. ಇರುವೆ ಕಚ್ಚಿ ಹೆಣ ಎರಡು ಸಲ ಎದ್ದು ಕೂತಿತ್ತು. ಸಿನಿಮಾದಲ್ಲಿ ಎಲ್ಲರನ್ನೂ ನಡುಗಿಸುವ ವಿಲನ್ ನಮ್ಮ ಮನೆಯಲ್ಲಿ ಮಜ್ಜಿಗೆ ಕೇಳಿ ಕುಡಿದ.

ಹೆಣದ ಹಿಂದೆ ಕಾಣುವ ಬಾಗಿಲು ಗಿರಿಜಕ್ಕನದು. ಕೊಲೆಯಾದದ್ದು ಗೊತ್ತಿಲ್ಲದ ಹೆಂಗಸೊಬ್ಬಳು ಚೀಲ ಹಿಡಿದು ಆ ಬಾಗಿಲಿಂದ ಹೊರಗೆ ಹೋಗಬೇಕು, ಅಷ್ಟೇ. ಆ ಪಾತ್ರಕ್ಕೆ ಗಿರಿಜಕ್ಕನನ್ನೇ ನಿಲ್ಲಿಸಿದರು. ಆಕೆಯ ಗಂಡ ವೀರಭದ್ರಪ್ಪ ಕಾಕಾ ಒಂದೇ ಸಮ ಕೆಮ್ಮುತ್ತಿದ್ದರೆಂದು ಅವರನ್ನು ಗೇಟಿನ ಚಹಾ ಅಂಗಡಿಗೆ ಅಟ್ಟಿದ್ದರು.

ಮೊದಲ ಟೇಕಿನಲ್ಲೇ ಗಿರಿಜಕ್ಕ ಹೊಸ್ತಿಲಲ್ಲಿ ನಿಂತು, ಖಾಲಿ ಮನೆಯ ಕಡೆ ತಿರುಗಿ, ‘ಬರ್ತೇನ್ರಿ’ ಅಂದಳು. ಕಟ್. ಮಾತಾಡಬೇಡಿ ಅಂದರು. ಎರಡನೆಯ ಸಲವೂ ಅದೇ. ‘ನೀ ಸುಮ್ಮ ನಡಿಯಕ್ಕ’ ಅಂತ ನಾನೂ ಹೇಳಿದೆ. ‘ಹೇಳದ ಹೊಸ್ತಿಲ ಹೆಂಗ ದಾಟ್ಲೆವಾ? ಬಾಯಿ ತಾನs ಅಂತೈತಿ’ ಅಂದಳು. ಐದನೆಯ ಟೇಕಿಗೆ ಡೈರೆಕ್ಟರೇ ಸೋತು, ಮೇಲೆ ಮ್ಯೂಸಿಕ್ ಹಾಕಿದರಾಯಿತು ಅಂದ. ಹಾಕಿದ ಕೂಡ.

ಕಳೆದ ವರ್ಷ ಗಿರಿಜಕ್ಕ ಹೋದಳು. ಅಡುಗೆಮನೆಯಲ್ಲಿ ಕುಸಿದವಳನ್ನು ರಾಮದಾಸಪೇಠದ ಆಸ್ಪತ್ರೆಗೆ ಒಯ್ದೆವು. ಎಚ್ಚರ ಬರಲೇ ಇಲ್ಲ. ಕಾಕಾ ಅವತ್ತಿನಿಂದ ಒಂದೇ ಮಾತು ಹಿಡಿದಿದ್ದಾರೆ. ‘ಹೇಳದ ಹೋದ್ಳು ನೋಡವಾ. ಕಾಯಿಪಲ್ಯೆ ತರಾಕ ಹೋದ್ರೂ ಹೇಳಿ ಹೋಗಾಕಿ.’ ಅವರ ಫೋನಿನಲ್ಲಿ ಆಕೆಯ ಫೋಟೊಗಳಿವೆ. ದನಿ ಒಂದೂ ಇಲ್ಲ.

ಈಗ ಈ ವಿಡಿಯೊ. ಆರನೇ ಗುಟ್ಟಿಗೆ ಬಂದವನು ‘ಹೆಡ್‌ಫೋನ್ ಹಾಕ್ಕೊಳ್ಳಿ’ ಅಂದ. ಯಾವ ಸಾಫ್ಟ್‌ವೇರಿನಿಂದಲೋ ಮ್ಯೂಸಿಕ್ ತೆಗೆದು, ಆ ದನಿಯನ್ನು ದೊಡ್ಡದು ಮಾಡಿ ಮೂರು ಸಲ ಕೇಳಿಸಿದ. ಬರ್ತೇನ್ರಿ. ಬರ್ತೇನ್ರಿ. ಬರ್ತೇನ್ರಿ. ಆಮೇಲೆ ವ್ಯಾಖ್ಯಾನ: ‘ಇದು ಕನ್ನಡ. ಅರ್ಥ, ಮೈ ಆವೂಂಗಿ. ಖಾಲಿ ಮನೆಗೆ ಹೀಗೆ ಯಾರು ಹೇಳ್ತಾರೆ? ಈ ಹೆಂಗಸು ಬದುಕಿಲ್ಲ. ಪಾರ್ಟ್ ಟೂನಲ್ಲಿ ಮರಳಿ ಬರ್ತಾಳೆ.’ ಕೆಳಗೆ ಕಮೆಂಟುಗಳು. ಚುಡೈಲ್, ಅಂದರೆ ಹೆಣ್ಣು ದೆವ್ವ, ಅಂತ ಒಬ್ಬ, ನಗುವ ಮುಖಗಳು ಹತ್ತಾರು.

ನನಗೆ ಮೈಯೆಲ್ಲ ಉರಿಯಿತು. ನಮ್ಮಲ್ಲಿ ‘ಹೋಗ್ತೇನೆ’ ಅಂತ ಹೇಳಿ ಯಾರಾದರೂ ಮನೆ ಬಿಡುತ್ತಾರಾ? ಇಲ್ಲಿನ ಮರಾಠಿಯವರೂ ‘ಯೇತೋ’, ಬರ್ತೇನೆ, ಅಂತಲೇ ಹೊರಡುವುದು. ಈ ಪುಣ್ಯಾತ್ಮನ ಮನೆಯಲ್ಲಿ ಏನಂತಾರೋ.

ಕಾಕಾಗೆ ತೋರಿಸಬೇಕೋ ಬೇಡವೋ? ಎರಡು ದಿನ ಒದ್ದಾಡಿದೆ. ಮೂರನೆಯ ದಿನ ಸಂಜೆ ಹೋಗಿ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿದರು. ಆ ಜಾಗಕ್ಕೆ ಮತ್ತೆ ಮತ್ತೆ ತಿರುಗಿಸಿ ಕೊಟ್ಟೆ. ನಾಲ್ಕನೆಯ ಸಲ ತಿರುಗಿಸಿ ದನಿ ಕೇಳಿಸಿದಾಗ, ಫೋನಿಗೇ ಮೆಲ್ಲಗೆ ಅಂದರು: ‘ಹ್ಞೂಂ, ಬಾ.’

ನನಗೆ ಕೂತಿರಲಾಗಲಿಲ್ಲ. ಫೋನ್ ಇಸಿದುಕೊಂಡು ಕಮೆಂಟ್ ಟೈಪ್ ಮಾಡತೊಡಗಿದೆ. ‘ಕಾಕಾ, ಇವಗ ಬರೋಬರ್ ಅರ್ಥ ಬರದು ಹಾಕ್ತೀನ್ರಿ. ಬರ್ತೇನಿ ಅಂದ್ರ ನಮ್ಮಾಗ ಹೋಗ್ತೇನಿ ಅಂತ.’

‘ಬ್ಯಾಡವಾ’ ಅಂದರು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತ ಕೂತರು. ‘ಅಂವ ಬರ್ತಾಳ ಅಂತಾನಲ್ಲ. ಅಂವನ ಅರ್ಥ ಹಂಗs ಇರ್ಲಿ. ಪಾರ್ಟ್ ಟೂ ಯಾವಾಗಂತ?’

ಟೈಪ್ ಮಾಡಿದ್ದನ್ನು ಅಳಿಸಿದೆ. ಕನ್ನಡ ಬಾರದವನು ಹೇಳಿದ ಅರ್ಥವೇ ನಿಜವಾಗಲಿ ಎಂದು ಒಬ್ಬ ಕನ್ನಡಿಗ ಕಾದು ಕೂತಿರುವಾಗ, ತಿದ್ದಲು ನಾನ್ಯಾರು?